ಇಲ್ಲದ ಷೇರು ಮಾರಿದ ಸೋಮವಾರ

ನಾನು ಕದ್ದದ್ದು ನಾಲ್ಕುನೂರ ಐವತ್ತು ಷೇರು. ಕದ್ದ ಮೇಲೆ, ಅವನ್ನು ಕಳೆದದ್ದು ನೀನೇ ಎಂದು ಅವುಗಳ ಒಡೆಯನನ್ನು ನಂಬಿಸಿದೆ. ಮೊದಲನೆಯದಕ್ಕೆ ಕಾನೂನಿನಲ್ಲಿ ಏನಾದರೂ ಶಿಕ್ಷೆ ಇದ್ದೀತು. ಎರಡನೆಯದಕ್ಕೆ ಇದೆಯೋ ಇಲ್ಲವೋ ನನಗೆ ತಿಳಿಯದು. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ. ಆ ಷೇರುಗಳ ಒಡೆಯ ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತು ಓದಿದವನು.

ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಷೇರು ಅಂಗಡಿ ಇತ್ತು. ಬೆಂಗಳೂರಿನ ಒಬ್ಬ ದೊಡ್ಡ ದಲ್ಲಾಳಿಯ ಕೈಕೆಳಗೆ ನಾನು ಸಣ್ಣ ದಲ್ಲಾಳಿ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೆ ಒರಗಿಸಿದ ಎರಡು ಬೆಂಚು. ಕಿಟಕಿ ತೆಗೆದರೆ ನೂಲು ಬಿಚ್ಚುವ ಮನೆಗಳಿಂದ ಬೆಂದ ಹುಳುವಿನ ವಾಸನೆ ಬರುತ್ತಿತ್ತು. ಹೆದ್ದಾರಿಯ ಬದಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದ ವರ್ಷಗಳು ಅವು. ಜಮೀನು ಹೋದವರ ಕೈಗೆ ಸರ್ಕಾರದ ಪರಿಹಾರ ಬಂದಿತ್ತು, ನನ್ನ ಬೆಂಚುಗಳು ತುಂಬಿದ್ದವು. ಚನ್ನಪಟ್ಟಣದಿಂದ ಬೊಂಬೆ ಕಾರ್ಖಾನೆಯ ಮಾಲೀಕರೊಬ್ಬರು ಬರುತ್ತಿದ್ದರು, ಮಾಗಡಿಯಿಂದ ನಿವೃತ್ತ ಮೇಷ್ಟ್ರೊಬ್ಬರು. ಗೂಡಿನ ವ್ಯಾಪಾರಿಗಳಂತೂ ಹರಾಜು ಮುಗಿಸಿ ನೇರ ನನ್ನ ಮೆಟ್ಟಿಲು ಹತ್ತುತ್ತಿದ್ದರು.

ಪಕ್ಕದಲ್ಲಿ ಕೂತು ಓದಿದ ಆ ಗೆಳೆಯನ ಎರಡೆಕರೆ ಒಂದು ಕಾರ್ಖಾನೆಯ ಪಾಲಾಗಿತ್ತು. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ಪರಿಹಾರದಲ್ಲಿ ಮನೆ ಕಟ್ಟಿದ, ಮಗಳ ಮದುವೆ ಮಾಡಿದ. ಉಳಿದದ್ದನ್ನು ಹಿಡಿದು ಒಂದು ದಿನ ನನ್ನ ಮುಂದೆ ನಿಂತ.

"ಆ ಪ್ಯಾಕ್ಟ್ರಿದು ಷೇರು ಐತಾ?"

"ಐತೆ. ಆದ್ರೆ ಅದ್ಕಿಂತ ವಾಸಿದು ಬ್ಯಾರೆ ಬೇಕಾದಷ್ಟು ಅವೆ ಕಣ್ಲಾ."

"ನಂಗ್ ವಾಸಿದು ಬ್ಯಾಡ. ನನ್ ಹೊಲದ ಮ್ಯಾಲೆ ಕುಂತೈತಲ್ಲ, ಅದೇ ಬೇಕು."

ಅವನ ಪ್ರಕಾರ ಆ ಷೇರುಗಳು ಜಮೀನೇ. ಹೊಲ ಕಾಗದವಾಗಿದೆ, ಅಷ್ಟೇ. ತಿಂಗಳಿಗೊಮ್ಮೆ, ಉಳಿದ ಅರ್ಧ ಎಕರೆಯ ಹಿಪ್ಪುನೇರಳೆಯಲ್ಲಿ ಮೇಯಿಸಿದ ಹುಳುವಿನ ಗೂಡು ತಂದ ದಿನ, ಮೇಲೆ ಬಂದು, "ನನ್ ಹೊಲ ಎಂಗೈತೆ?" ಎಂದು ಕೇಳುತ್ತಿದ್ದ. ಬೆಲೆ ಕೇಳುತ್ತಿರಲಿಲ್ಲ. ನಾನು ಅವನ ಖಾತೆಯ ಹಾಳೆ ಮುದ್ರಿಸಿ ಕೊಟ್ಟರೆ, ನಾಲ್ಕುನೂರ ಐವತ್ತು ಎಂಬ ಅಂಕಿಯ ಮೇಲೆ ಬೆರಳಿಟ್ಟು ನೋಡಿ, ಮಡಿಸಿ ಜೇಬಿಗಿಡುತ್ತಿದ್ದ. ಅವನ ಹೆಂಡತಿ ಆ ಹಾಳೆಗಳನ್ನು ಪಹಣಿ ಇಡುವ ಟ್ರಂಕಿನಲ್ಲೇ ಇಡುತ್ತಿದ್ದಳಂತೆ.

ಬೆಂಚಿನವರಿಗೆ ಅದೊಂದು ತಮಾಷೆ. ನಾನೇ ಶುರು ಮಾಡಿದ್ದು. ಒಂದು ಸಲ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಂತೆ ಮಾಡಿ, "ಕಂಪನಿದು ಒಟ್ಟು ಷೇರು ಈಟು, ನಿಂದು ಈಟು. ಪ್ಯಾಕ್ಟ್ರಿ ಒಳ್ಗೆ ನಿನ್ ಪಾಲಿಗೆ ಬರೋದು ವಾಚ್‌ಮನ್ ಕುರ್ಚಿದು ಒಂದು ಕಾಲು. ಓಗಿ ಅದ್ರ ಬುಡಕ್ಕೆ ಗೊಬ್ರ ಆಕು" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕು, "ಕಾಲಾದ್ರೂ ನಂದೇ ತಾನೇ" ಎಂದ.

ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಷೇರು ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಒಡೆಯ ಒಂದು ಸ್ಲಿಪ್ಪಿಗೆ ರುಜು ಹಾಕಬೇಕು. ಸ್ಲಿಪ್ಪುಗಳು ಚೆಕ್ ಪುಸ್ತಕದ ಹಾಗೆ ಪುಸ್ತಕವಾಗಿ ಬರುತ್ತಿದ್ದವು. ಪ್ರತಿ ಸಲ ಹಳ್ಳಿಯಿಂದ ಬಂದು ರುಜು ಹಾಕುವುದು ಯಾಕೆಂದು, ಪುಸ್ತಕದ ಎಲ್ಲ ಹಾಳೆಗೂ ಒಂದೇ ಸಲ ರುಜು ಹಾಕಿಸಿ ನನ್ನ ಬೀರುವಿನಲ್ಲೇ ಇಟ್ಟುಕೊಳ್ಳುತ್ತಿದ್ದೆ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಹೂವು ಹಾಕಿದಾಗ ಆ ಪುಸ್ತಕಗಳನ್ನೂ ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಹಚ್ಚುತ್ತಿದ್ದೆವು. ಗಿರಾಕಿಗಳು ಬಂದು ತಮ್ಮ ಪುಸ್ತಕ ಯಾವುದೆಂದು ಹುಡುಕಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಚರುಪು ತಿಂದು ಹೋಗುತ್ತಿದ್ದರು. ಖಾಲಿ ಹಾಳೆಗೆ ರುಜು ಹಾಕಿದ್ದೇವೆ ಎಂದು ಒಬ್ಬರಿಗೂ ಅನಿಸಲಿಲ್ಲ. ಪೂಜೆಯಾದ ಪುಸ್ತಕ ಅದು. ಹಾಗೆ ಅನಿಸದಿರಲಿ ಎಂದೇ ನಾನು ಪೂಜೆ ಇಟ್ಟಿದ್ದೆ.

ಇನ್ನು ನನ್ನ ಸ್ವಂತ ಆಟದ ವಿಷಯ. ಬೆಲೆ ಇಳಿಯುತ್ತದೆಂದು ಅನಿಸಿದರೆ, ನನ್ನ ಬಳಿ ಒಂದೂ ಇಲ್ಲದ ಷೇರನ್ನು ಬೆಳಿಗ್ಗೆ ಮಾರಿಬಿಡುತ್ತಿದ್ದೆ. ಯಾರಿಂದಲೂ ಸಾಲವಾಗಿಯೂ ಪಡೆದಿರುತ್ತಿರಲಿಲ್ಲ. ಮಧ್ಯಾಹ್ನ ಬೆಲೆ ಇಳಿದ ಮೇಲೆ ಅಷ್ಟನ್ನೇ ಕೊಂಡು ತೀರಿಸಿದರೆ ನಡುವಿನ ವ್ಯತ್ಯಾಸ ನನ್ನದು. ಗೆಳೆಯ ಒಂದು ದಿನ ಬೆಂಚಿನ ಮೇಲೆ ಕೂತು ಇದನ್ನು ನೋಡಿ ತಲೆ ಕೆರೆದುಕೊಂಡ.

"ಇಲ್ಲದ್ನ ಎಂಗ್ಲಾ ಮಾರ್ತೀಯೆ?"

"ಬೆಳಿಗ್ಗೆ ಮಾರೋದು, ಸಂಜೆ ಒಳ್ಗೆ ಕೊಂಡು ಕೊಡೋದು."

"ಗೂಡಿನ್ ಮಾರ್ಕೆಟ್ನಾಗೆ ಖಾಲಿ ತೊಟ್ಟಿ ಮುಂದೆ ನಿಂತ್ಕಂಡು ಹರಾಜು ಕೂಗುದ್ರೆ ಒದ್ದು ಓಡುಸ್ತಾರೆ ಕಣ್ಲಾ. ಗೂಡು ಸುರೀಬೇಕು, ಕೈ ಆಕಿ ನೋಡ್ಬೇಕು, ಆಮ್ಯಾಲೆ ಕೂಗ್ಬೇಕು."

"ಅದ್ಕೇ ನೀನು ಗೂಡು ಹೊರ್ತಾ ಇರೋದು, ನಾನು ಫ್ಯಾನ್ ಕೆಳ್ಗೆ ಕುಂತಿರೋದು."

ಬೊಂಬೆ ಕಾರ್ಖಾನೆಯ ಮಾಲೀಕರು ಜೋರಾಗಿ ನಕ್ಕರು. ಗೆಳೆಯ, "ಸಂಜೆ ಒಳ್ಗೆ ಯಾರೂ ಮಾರ್‍ದೆ ಓದ್ರೆ?" ಎಂದು ಕೇಳಿದ. ಅದಕ್ಕೆ ನಿಯಮ ಇದ್ದೇ ಇತ್ತು. ಮಾರಿದವನು ಎರಡನೇ ದಿನದೊಳಗೆ ಷೇರು ಒಪ್ಪಿಸದಿದ್ದರೆ, ಅವನ ಹೆಸರಿನಲ್ಲಿ ಹರಾಜು ಕೂಗಿ, ಎಷ್ಟು ಬೆಲೆಗೆ ಸಿಕ್ಕರೂ ಕೊಂಡು, ಆ ಭಾರವನ್ನೂ ದಂಡವನ್ನೂ ಅವನ ತಲೆಗೆ ಕಟ್ಟುತ್ತಿದ್ದರು. ನನಗೆ ಅದು ಗೊತ್ತಿತ್ತು. ನನ್ನ ತಲೆಗೆ ಬರುವುದಿಲ್ಲ ಎಂದುಕೊಂಡಿದ್ದೆ.

ಆ ಸೋಮವಾರ ನಾನು ಮಾರಿದ್ದು ಅದೇ ಕಾರ್ಖಾನೆಯ ಐನೂರು ಷೇರು. ಭಾನುವಾರ ಅಲ್ಲಿನ ಕ್ಯಾಂಟೀನು ನಡೆಸುವವನು ಸಿಕ್ಕಿ, ಕೆಲಸಗಾರರು ನಾಳೆಯಿಂದ ಒಳಗೆ ಹೋಗುವುದಿಲ್ಲ, ಅಡುಗೆ ಮಾಡಬೇಡ ಎಂದಿದ್ದಾರೆ ಎಂದು ಹೇಳಿದ್ದ. ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಬೆಳಿಗ್ಗೆ ಮಾರುಕಟ್ಟೆ ತೆರೆದ ತಕ್ಷಣ ಮಾರಿದೆ. ಹನ್ನೊಂದರ ಹೊತ್ತಿಗೆ ಮುಷ್ಕರ ನಿಂತುಹೋಗಿದೆ ಎಂದು ತಿಳಿಯಿತು. ಅದರ ಹಿಂದೆಯೇ, ವಿದೇಶದ ಕಂಪನಿಯೊಂದು ಈ ಕಾರ್ಖಾನೆಯಲ್ಲಿ ದೊಡ್ಡ ಪಾಲು ಕೊಳ್ಳುತ್ತದೆ ಎಂಬ ಸುದ್ದಿ ಬಂತು. ನೂರು ಷೇರು ಹೇಗೋ ಹಿಂದಕ್ಕೆ ಕೊಂಡೆ. ಅಷ್ಟರಲ್ಲಿ ಬೆಲೆ ಆ ದಿನ ಏರಬಹುದಾದ ಮಿತಿಯನ್ನು ಮುಟ್ಟಿ ನಿಂತಿತು. ಕೊಳ್ಳುವವರ ಸಾಲು ಉದ್ದಕ್ಕೆ ಇತ್ತು, ಮಾರುವವರ ಕಡೆ ಸೊನ್ನೆ. ಮೂರೂವರೆಗೆ ಮಾರುಕಟ್ಟೆ ಮುಚ್ಚಿದಾಗ ನಾನು ನಾನೂರು ಷೇರು ಒಪ್ಪಿಸಬೇಕಾದವನಾಗಿ ಕೂತಿದ್ದೆ. ನನ್ನ ಬಳಿ ಒಂದೂ ಇರಲಿಲ್ಲ.

ಮಂಗಳವಾರವೂ ಬೆಲೆ ಮೊದಲ ನಿಮಿಷದಲ್ಲೇ ಮಿತಿ ಮುಟ್ಟಿತು. ಹರಾಜಾದರೆ ನನ್ನ ಅಂಗಡಿ ಉಳಿಯುತ್ತಿರಲಿಲ್ಲ. ಬೀರು ತೆಗೆದೆ. ಗೆಳೆಯನ ಪುಸ್ತಕ ಹುಡುಕಲು ಹೊತ್ತು ಹಿಡಿಯಲಿಲ್ಲ. ಅವನ ರುಜು ಗುಂಡಗೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಏಳನೇ ಕ್ಲಾಸಿನಲ್ಲಿ ಇದ್ದ ಹಾಗೇ ಇತ್ತು. ಮೇಲಿನ ಜಾಗದಲ್ಲಿ ಕಂಪನಿಯ ಹೆಸರು ಬರೆದೆ, ನಾನೂರು ಎಂದು ಬರೆಯಲು ಹೋಗಿ ಕೈ ತಡೆದೆ. ಐವತ್ತು ಉಳಿಸಿದರೆ ಯಾರು ಎಷ್ಟು ತೆಗೆದರು, ಯಾಕೆ ತೆಗೆದರು ಎಂದು ಪ್ರಶ್ನೆ ಬರುತ್ತದೆ. ಎಲ್ಲ ಹೋದರೆ ಅವನೇ ಮಾರಿದ ಎನ್ನಬಹುದು. ನಾಲ್ಕುನೂರ ಐವತ್ತು ಎಂದು ಬರೆದೆ. ಹೆಚ್ಚಿಗೆ ಬಂದ ಐವತ್ತನ್ನು ಮಾರಿ ಕಂಪ್ಯೂಟರಿನ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ.

ವಾರದೊಳಗೆ ಬೆಲೆ ಇಳಿಯುತ್ತದೆ, ಕೊಂಡು ಅವನ ಖಾತೆಗೆ ವಾಪಸು ಹಾಕುತ್ತೇನೆ ಎಂದು ಆಗ ಅಂದುಕೊಂಡಿದ್ದು ನಿಜ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ.

ಶುಕ್ರವಾರ ಗೆಳೆಯ ಗೂಡು ಮಾರಿಕೊಂಡು ಬಂದ. ಬೆಲೆ ಏರಿದ್ದನ್ನು ಯಾರೋ ಹೇಳಿದ್ದರು. ಕೈಯಲ್ಲಿ ಅರ್ಧ ಕೆಜಿ ಮೈಸೂರು ಪಾಕಿನ ಪೊಟ್ಟಣ, ಬಾಯಲ್ಲಿ ಸಾರಾಯಿಯ ವಾಸನೆ. ಗೂಡು ಮಾರಿದ ದಿನ ಅವನು ಕುಡಿಯುತ್ತಿದ್ದ. ಕುಡಿದ ಮೇಲೆ ನಡೆದದ್ದು ಅವನಿಗೆ ನೆನಪಿರುತ್ತಿರಲಿಲ್ಲ. ಒಮ್ಮೆ ಹೊಸ ಟವೆಲ್ಲನ್ನೂ ಇನ್ನೊಮ್ಮೆ ಸೈಕಲ್ಲನ್ನೂ ಹೀಗೇ ಎಲ್ಲೋ ಬಿಟ್ಟು ಹೋಗಿದ್ದ.

"ತಿನ್ಲಾ, ನನ್ ಹೊಲ ಪೈರಾಗೈತಂತೆ!" ಎಂದು ನನ್ನ ಬಾಯಿಗೇ ಒಂದು ತುಂಡು ಇಟ್ಟ. ತಿಂದೆ. ಬೆಂಚಿನವರೂ ತಿಂದರು. "ಈಗ ಕುರ್ಚಿದು ಎಲ್ಡು ಕಾಲು ನಿಂದೇನಪ್ಪ" ಎಂದು ಮೇಷ್ಟ್ರು ಹೇಳಿದರು. ಗೆಳೆಯ ಹಾಳೆ ಮುದ್ರಿಸಿ ಕೊಡು ಎಂದ. ಪ್ರಿಂಟರಿನ ಇಂಕು ಮುಗಿದಿದೆ ಎಂದೆ. "ಇರ್‍ಲಿ ಬುಡು, ಹೊಲ ಎಲ್ಲಿಗ್ ಓಯ್ತದೆ" ಎಂದು ಬೆಂಚಿನ ಮೇಲೆ ಮಲಗಿ ನಿದ್ದೆ ಹೋದ. ಬೆಂಚು ಖಾಲಿಯಾದ ಮೇಲೆ ಎಬ್ಬಿಸಿ ಬಸ್ಸು ಹತ್ತಿಸಿದೆ. ಆ ನಿದ್ದೆಯೇ ಮುಂದೆ ನನ್ನನ್ನು ಕಾಪಾಡಿತು.

ಮುಂದಿನ ತಿಂಗಳು ಬಂದು ಹಾಳೆ ಕೇಳಿದಾಗ, ನಾನು ಆಶ್ಚರ್ಯಪಟ್ಟವನಂತೆ ಮುಖ ಮಾಡಿದೆ. ಬೆಂಚಿನ ಮೇಲೆ ಮೂವರಿದ್ದರು.

"ಏನ್ಲಾ, ಆವತ್ತೇ ಮಾರ್ಸುದ್ಯಲ್ಲ?"

"ಏನ?"

"ಷೇರ್‍ನ. ಮೈಸೂರ್ ಪಾಕ್ ತಂದಿದ್ಯಲ್ಲ, ಆವತ್ತು. ಎಲ್ಲಾರೂ ಎದ್ದು ಓದ್ಮ್ಯಾಲೆ ಎದ್ದು ಕುಂತ್ಕಂಡು, ಬೆಲೆ ಬಂದೈತೆ, ಮಾರ್‍ಬುಡು ಅಂದೆ. ದುಡ್ಡು ಕೈಲೇ ಬೇಕು ಅಂತ ಹಟ ಹಿಡ್ದೆ. ನನ್ ಕೈಲಿದ್ದುದ್ನ ಎಲ್ಲಾ ಸೇರ್ಸಿ ಚೀಲಕ್ಕೆ ಆಕ್ಕೊಟ್ಟೆ. ಬಸ್ಸತ್ತುಸ್ದೆ. ಮನ್ಗೆ ತಕ್ಕಂಡ್ ಓಗ್ಲಿಲ್ವಾ?"

ಅವನ ರುಜು ಇದ್ದ ಸ್ಲಿಪ್ಪಿನ ಪ್ರತಿಯನ್ನು ಮುಂದೆ ಹಿಡಿದೆ. ಗೆಳೆಯ ಅದನ್ನು ನೋಡಿದ. ತನ್ನ ರುಜುವಿನ ಮೇಲೆ ಬೆರಳಾಡಿಸಿದ. ನನ್ನ ಮೇಲೆ ಒಂದು ಕ್ಷಣವೂ ಅನುಮಾನ ಪಡಲಿಲ್ಲ. ತನ್ನ ಮೇಲೆಯೇ ಪಟ್ಟ. "ಬಸ್ಸಲ್ಲಿ ಬುಟ್ನಾ?" ಎಂದು ತನಗೆ ತಾನೇ ಕೇಳಿಕೊಂಡ. ಬೆಂಚಿನಿಂದ ಯಾರೋ, "ಸೈಕಲ್ ಬುಟ್ ಓದೋನು, ಹೊಲ ಬುಡಾಕಿಲ್ವಾ?" ಎಂದರು. ನಗು ಎದ್ದಿತು. ಆ ನಗುವಿಗೆ ನಾನೂ ಸೇರಿದೆ.

ಅವನು ಮೆಟ್ಟಿಲ ತನಕ ಹೋಗಿ ವಾಪಸು ಬಂದು ನನ್ನ ಕಿವಿಯಲ್ಲಿ, "ಮನೇಲಿ ಯೋಳ್ಬ್ಯಾಡ ಕಣ್ಲಾ, ನಿನ್ ದಮ್ಮಯ್ಯ" ಎಂದ. ನಾನು ಹೇಳಲಿಲ್ಲ. ಆದರೆ ಬೆಂಚಿನವರು ಹೇಳದೆ ಇರುತ್ತಾರೆಯೇ? ವಾರದೊಳಗೆ ಅವನ ಹೆಂಡತಿಗೆ ಗೊತ್ತಾಯಿತು. ಅಂದಿನಿಂದ ಅವನು ಕುಡಿಯುವುದನ್ನು ಬಿಟ್ಟ. ಅಂದಿನಿಂದ ಆ ಮನೆಯಲ್ಲಿ ಅವನಿಗೆ, ಹೊಲವನ್ನು ಒಂದು ಸಲ ಸರ್ಕಾರಕ್ಕೂ ಇನ್ನೊಂದು ಸಲ ಸಾರಾಯಿಗೂ ಕೊಟ್ಟವನು ಎಂದೇ ಹೆಸರಾಯಿತು.

ನಾಲ್ಕು ತಿಂಗಳಲ್ಲಿ ಆ ಷೇರಿನ ಬೆಲೆ ನಾನು ಮಾರಿದ್ದಕ್ಕಿಂತ ಕೆಳಗೆ ಬಂತು. ನಾಲ್ಕುನೂರ ಐವತ್ತನ್ನೂ ಕೊಂಡು ವಾಪಸು ಹಾಕುವ ಶಕ್ತಿ ನನಗೆ ಇತ್ತು. ಹಾಕಲಿಲ್ಲ. ಹಾಕಿದರೆ ಕಳ್ಳ ಯಾರೆಂದು ತಿಳಿಯುತ್ತಿತ್ತು.

ಮುಂದೆ ಎರಡು ವರ್ಷದಲ್ಲಿ ಮಾರುಕಟ್ಟೆಯನ್ನು ಕಾಯುವ ಸಂಸ್ಥೆಯವರು ನಿಯಮ ಬಿಗಿ ಮಾಡಿದರು. ಕೈಯಲ್ಲಿ ಇಲ್ಲದ, ಸಾಲವಾಗಿಯೂ ಪಡೆಯದ ಷೇರನ್ನು ಮಾರಿ ಒಪ್ಪಿಸದೆ ಇರುವಂತಿಲ್ಲ, ಬೇಕಿದ್ದರೆ ಮೊದಲು ಎರವಲು ಪಡೆದು ಆಮೇಲೆ ಮಾರಬೇಕು ಎಂದರು. ಗಿರಾಕಿಗಳ ರುಜು ಹಾಕಿದ ಖಾಲಿ ಸ್ಲಿಪ್ಪು ದಲ್ಲಾಳಿಗಳ ಬಳಿ ಇರಕೂಡದು ಎಂಬುದಂತೂ ಮೊದಲಿನಿಂದಲೂ ಇತ್ತು, ಯಾರೂ ನೋಡುತ್ತಿರಲಿಲ್ಲ. ಈಗ ನೋಡಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ನನಗಿಂತ ಬಹಳ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೀರು ತೆಗೆಸಿ ಕುಂಕುಮ ಹತ್ತಿದ ಪುಸ್ತಕಗಳನ್ನು ಹೊರಗೆ ಹಾಕಿಸಿದರು. ಹಳೆಯ ದಾಖಲೆಗಳಲ್ಲಿ ಆ ಮಂಗಳವಾರದ ಸ್ಲಿಪ್ಪು ಸಿಕ್ಕಿತು.

"ಇವರ ಷೇರು ನಿಮ್ಮ ಖಾತೆಗೆ ಯಾಕೆ ಬಂತು?"

"ನನಗೇ ಮಾರಿದ್ರು ಮೇಡಂ. ನಗದು ಕೊಟ್ಟೆ."

"ನಗದು! ಸೋಮವಾರ ನೀವು ಮಾರಿದ್ದೀರಿ, ಮಂಗಳವಾರ ಇವರದ್ದು ನಿಮಗೆ ಬಂದಿದೆ. ಅವರನ್ನ ಕರೆಸಿ."

ಗೆಳೆಯ ಬಂದು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದ. ಅಂದು ಬೆಂಚಿನ ಮೇಲೆ ಜಾಗವಿಲ್ಲದಷ್ಟು ಜನ. ಅಧಿಕಾರಿ ಮೃದುವಾಗಿ ಕೇಳಿದರು.

"ನೋಡಿ, ಈ ಕಾಗದಕ್ಕೆ ನೀವು ರುಜು ಹಾಕಿದಾಗ ಅದು ಖಾಲಿ ಇತ್ತಾ? ಇತ್ತು ಅಂದ್ರೆ ಹೇಳಿ. ನಿಮ್ಮ ಷೇರು ನಿಮಗೆ ವಾಪಸು ಬರೋ ದಾರಿ ಇದೆ."

ಗೆಳೆಯ ನನ್ನ ಕಡೆ ನೋಡಿದ. ನನಗೆ ತನ್ನಿಂದ ತೊಂದರೆಯಾಗುತ್ತಿದೆ ಎಂದು ಅವನಿಗೆ ನಾಚಿಕೆಯಾಗಿತ್ತು.

"ನಂದೇ ರುಜು ಕಣಮ್ಮ. ನಾನೇ ಮಾರ್‍ಸಿದ್ದು. ದುಡ್ಡೂ ಕೊಟ್ಟವ್ನೆ. ನಾನೇ ಕುಡ್ದು ಕಳ್ದೆ."

"ಸ್ಲಿಪ್ಪಿನಲ್ಲಿ ಮಂಗಳವಾರ ಅಂತಿದೆ. ನೀವು ಬಂದಿದ್ದು ಯಾವತ್ತು?"

"ವಾರ ಗೀರ ನಂಗ್ ಗೊತ್ತಾಗಾಕಿಲ್ಲ. ಕುಡ್ದಿದ್ದೆ ಅಂದ್ನಲ್ಲ. ಇವ್ನು ನನ್ ಜೊತೇಲಿ ಓದ್ದೋನು, ಇವ್ನಿಗ್ಯಾಕ್ ತೊಂದ್ರೆ ಕೊಡ್ತೀರಿ?"

ಅಧಿಕಾರಿ ಬಹಳ ಹೊತ್ತು ನನ್ನನ್ನೇ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಗಿತ್ತು. ಆದರೆ ಒಡೆಯನೇ ತಾನು ಮಾರಿದೆ ಎನ್ನುವಾಗ ಅವರು ಏನು ಮಾಡಬಲ್ಲರು? ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಸ್ಲಿಪ್ಪಿನ ಪುಸ್ತಕಗಳಿಗೆಲ್ಲ ಅವರೇ ನಿಂತು ಕತ್ತರಿ ಹಾಕಿಸಿದರು. ಜನರೆದುರು ತನ್ನ ಬಾಯಿಂದಲೇ ತಾನು ಕುಡಿದು ಕಳೆದೆ ಎಂದು ಹೇಳಿ ಗೆಳೆಯ ಮೆಟ್ಟಿಲು ಇಳಿದು ಹೋದ. ಚಹಾ ಕುಡಿದು ಹೋಗು ಎಂದೂ ನಾನು ಕರೆಯಲಿಲ್ಲ.

ಎಲ್ಲರ ಮೊಬೈಲಿನಲ್ಲೇ ಷೇರು ವ್ಯಾಪಾರ ಬಂದ ಮೇಲೆ ಅಂಗಡಿ ಮುಚ್ಚಿದೆ. ವರ್ಷಗಳು ಕಳೆದವು. ಗೆಳೆಯನಿಗೆ ಒಂದು ಪಕ್ಕ ಸ್ವಾಧೀನ ತಪ್ಪಿದೆ, ಮಾತು ಮಾತ್ರ ಸರಿಯಿದೆ ಎಂದು ಕೇಳಿ ಅವನ ಊರಿಗೆ ಹೋದೆ. ಜಗಲಿಯಲ್ಲಿ ಮಂಚ ಹಾಕಿದ್ದರು. ಹೆಂಡತಿ ಒಳಗೆ ಕಾಫಿ ಕಾಸುತ್ತಿದ್ದಳು. ನಾನು ಮೆಲ್ಲಗೆ, ಒಂದೂ ಬಿಡದೆ ಎಲ್ಲ ಹೇಳಿದೆ. ಸೋಮವಾರ, ಮಂಗಳವಾರ, ಐವತ್ತು, ಬ್ಯಾಟರಿ.

ಅವನು ಬೈಯಲಿಲ್ಲ. "ಅಂಗಾರೆ ನಾನು ಕಳೀಲಿಲ್ಲ" ಎಂದ. ಮುಖದಲ್ಲಿ ಸಂತೋಷವೇ ಕಂಡಿತು. ಆಮೇಲೆ, "ಇದ್ನ ಅವ್ಳ್ ಮುಂದೆ ಒಂದ್ ಸಲ ಯೋಳ್ಬುಡು. ಬ್ಯಾರೆ ಏನೂ ಬ್ಯಾಡ ನಂಗೆ" ಎಂದ.

ಅವಳು ಕಾಫಿ ತಂದು ಕೊಟ್ಟಳು. "ಅಪ್ರೂಪಕ್ಕೆ ಬಂದ್ರಿ ಅಣ್ಣ. ಇವ್ರಿಗೆ ಅಂತ ಯಾರವ್ರೆ ಹೇಳಿ, ನೀವೊಬ್ರು" ಎಂದಳು. ಗೆಳೆಯ ನನ್ನ ಬಾಯನ್ನೇ ನೋಡುತ್ತಿದ್ದ. ನಾನು ಲೋಟ ಎತ್ತಿ ಒಂದು ಗುಟುಕು ಕುಡಿದೆ. ಇನ್ನೊಂದು ಗುಟುಕು ಕುಡಿದೆ. ಕೊನೆಗೆ ಅವನೇ ಹೇಳಿದ.

"ಬಾರಮ್ಮೀ ಇಲ್ಲಿ. ಆ ಷೇರ್‍ನ ಇವ್ನೇ ತಕ್ಕಂಡಿದ್ದಂತೆ. ನಾನಲ್ವಂತೆ. ಕೇಳು ಬೇಕಾರೆ."

"ಥೂ, ನಿನ್ ಬಾಯ್ಗೆ ಮಣ್ಣಾಕ! ಕುಡ್ದು ಕಳ್ದಿದ್ದು ಸಾಲ್ದು ಅಂತ, ನೋಡಾಕ್ ಬಂದೋರ್ ಮ್ಯಾಲೆ ಆಕ್ತೀಯಾ? ಆವತ್ತು ಆ ಆಪೀಸರಮ್ಮನ ಮುಂದೆ ನಾನೇ ಕಳ್ದೆ ಅಂತ ನೀನೇ ಯೋಳ್ಲಿಲ್ವಾ?" ಎಂದು ಕೂಗಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ತಪ್ ತಿಳ್ಕಬ್ಯಾಡಿ ಅಣ್ಣ. ಮಲಗಿ ಮಲಗಿ ಬುದ್ಧಿ ಒಸಿ ಅಂಗಾಗೈತೆ."

ನಾನು "ಇರ್‍ಲಿ ಬುಡಮ್ಮ" ಎಂದೆ.

ಕಾಫಿ ಮುಗಿಸಿ ಲೋಟ ಕೆಳಗಿಟ್ಟೆ. ಗೆಳೆಯ ಗೋಡೆಯ ಕಡೆ ಮುಖ ಮಾಡಿದ. ನಾನು ಎದ್ದು ಹೊರಡುವಾಗಲೂ ತಿರುಗಲಿಲ್ಲ. ಅದಾಗಿ ಎರಡು ತಿಂಗಳಿಗೆ ತೀರಿಕೊಂಡ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಹೋಗಿ ಅವಳಿಗೆ ಹೇಳಿದೆ. ಅವಳು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೇಳುತ್ತಾ ಕೇಳುತ್ತಾ ಕೈ ನಿಂತಿತು.

"ಅವ್ರು ಯೋಳ್ದಾಗ ನೀವು ಮಂಚದ್ ಪಕ್ದಲ್ಲೇ ಕುಂತಿದ್ರಿ."

"ಹೂಂ."

"ಬಾಯ್ಗೆ ಮಣ್ಣಾಕ ಅಂದೆ ನಾನು."

"ಹೂಂ."

"ನೀನು ಕಾಪಿ ಕುಡ್ದೆ."

ನಾನು ತಲೆ ತಗ್ಗಿಸಿದೆ.

"ಕಳ್ದೋನು ಅನ್ನಿಸ್ಕಂಡು ಅವ್ರು ಓದ್ರು. ಅಂದೋಳು ನಾನು. ಇಷ್ಟ್ ವರ್ಸ ಬೆಳಗೆದ್ರೆ ಅಂದಿವ್ನಿ. ಈಗ ಯಾರ್‍ನ ಕೂರಿಸ್ಕಂಡು ತಪ್ಪಾಯ್ತು ಅನ್ಲಿ? ನೀನು ಇದ್ನ ಒಳ್ಗೇ ಮಡೀಕಂಡು ಸಾಯ್ಬೇಕಾಗಿತ್ತು. ನಂಗ್ಯಾಕ್ ತಂದ್ಕೊಟ್ಟೆ?"

ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೊಡನೆ, ಎಷ್ಟೋ ವರ್ಷಗಳಿಂದ ಬಾರದಂಥ ನಿದ್ದೆ ಬಂತು. ರಾಮನಗರದಲ್ಲಿ ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಿದ.

ಮೂರನೇ ದಿನ ಅವಳ ಮಗಳು ಫೋನು ಮಾಡಿದಳು. "ಮಾವ, ನಮ್ಮವ್ವಂಗೆ ಏನ್ ಯೋಳುದ್ರಿ? ನೀವು ಬಂದೋದ್ ದಿನದಿಂದ ಅಪ್ಪನ ಮಂಚದ್ ಪಕ್ಕ ಕುಂತವ್ಳೆ. ಉಣ್ಣಾಕಿಲ್ಲ, ಮಾತಾಡಾಕಿಲ್ಲ."

"ಏನೂ ಇಲ್ಲಮ್ಮ, ಸುಮ್ನೆ ಮಾತಾಡ್ಸ್ಕಂಡು ಬಂದೆ" ಎಂದೆ.

ಫೋನು ಇಟ್ಟ ಮೇಲೆ ಇದನ್ನು ಬರೆಯಲು ಕೂತೆ. ಆ ಮಗಳಿಗೆ ಓದಲು ಬರುತ್ತದೆ.